ಮೂರು ಲೆಡ್ಜರು, ಒಂದು ಕಾಯಿಲೆ

ಈ ಕಾಯಿಲೆಯ ಹೆಸರು ಹೇಳುವುದೇ ಒಂದು ಕಷ್ಟ ನೋಡಿ. ನೋಯಿಡಾದ ನಮ್ಮ ಮೆಡಿಕಲ್ ಸ್ಟೋರಿನವನು ಚೀಟಿ ನೋಡಿ 'ಸ್ಜೋಗ್ರೆನ್' ಅನ್ನುತ್ತಾನೆ. ರಕ್ತ ತೆಗೆಯಲು ಬರುವ ಲ್ಯಾಬಿನ ಹುಡುಗ 'ಜೋಗ್ರನ್' ಅನ್ನುತ್ತಾನೆ. ಡಾಕ್ಟರು 'ಶೋಗ್ರೆನ್' ಅನ್ನುತ್ತಾರೆ, ಸ್ವೀಡನ್ನಿನವರ ಉಚ್ಚಾರಕ್ಕೆ ಅದೇ ಹತ್ತಿರ. ನಾನು ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನು, ವೈದ್ಯಕೀಯ ನನ್ನ ವಿಷಯವಲ್ಲ. ಆದರೆ ನನ್ನಾಕೆಗೆ ಈ ಕಾಯಿಲೆ ಇದೆ ಅಂತ ಗೊತ್ತಾದ ಮೇಲೆ, ಇದರ ಹಿಂದಿನ ಕಥೆ ಏನು ಅಂತ ಓದುತ್ತಾ ಹೋದೆ. ದೆಹಲಿ, ಗುರುಗ್ರಾಮ, ಗಾಜಿಯಾಬಾದ್ ಕಡೆ ಇರುವ ನಮ್ಮವರಲ್ಲಿ 'ಕಣ್ಣಿಗೆ ಮರಳು ಬಿದ್ದ ಹಾಗೆ ಆಗ್ತದೆ' ಅನ್ನುವವರು ಬಹಳ ಮಂದಿ. ಎಲ್ಲರಿಗೂ ಇದೇ ಕಾಯಿಲೆ ಅಂತಲ್ಲ. ಕೆಲವರಿಗೆ ಇರಬಹುದು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಕಾಯಿಲೆ ಏನು ಅಂತ ಹೇಳಿಬಿಡುತ್ತೇನೆ. ರೋಗಗಳಿಂದ ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಕಣ್ಣೀರಿನ ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುತ್ತದೆ. ಬ್ಯಾಂಕಿನ ಬಾಗಿಲಲ್ಲಿ ನಿಲ್ಲಿಸಿದ ಗನ್‌ಮ್ಯಾನೇ ಕ್ಯಾಶಿಯರ್ ಕಡೆ ಬಂದೂಕು ತಿರುಗಿಸಿದ ಹಾಗೆ ಅನ್ನಿ. ಕಣ್ಣು ಒಣಗುತ್ತದೆ, ಬಾಯಿ ಒಣಗುತ್ತದೆ, ಅನೇಕರಿಗೆ ಕೀಲು ನೋವು, ಜೊತೆಗೆ ಹೇಳಿಕೊಳ್ಳಲಾಗದ ಸುಸ್ತು. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೆಂಗಸರು.

ಒಣ ಕಣ್ಣು ಹೊಸ ಸಂಗತಿಯೇನಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 'ಶುಷ್ಕಾಕ್ಷಿಪಾಕ' ಅಂತ ಒಂದು ಕಣ್ಣಿನ ರೋಗವೇ ಇದೆ. ನಮ್ಮ ಉಡುಪಿ ಕಡೆ ಕಣ್ಣುರಿ ಅಂದರೆ ಅಜ್ಜಿಯರು ನಂದಿಬಟ್ಟಲು ಹೂವು ಹುಡುಕುತ್ತಿದ್ದರು, ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದರು. ಆದರೆ ಕಣ್ಣು, ಬಾಯಿ, ಕೀಲು ಈ ಮೂರಕ್ಕೂ ಒಂದೇ ಕಾಯಿಲೆ ಅಂತ ಹೇಳಲು 1933ರ ತನಕ ಕಾಯಬೇಕಾಯಿತು.

ಅಲ್ಲಿಯವರೆಗೆ ವಿವರಗಳೇನೂ ಕಡಿಮೆ ಇರಲಿಲ್ಲ. 1882ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಥಿಯೋಡೋರ್ ಲೇಬರ್, ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ ಎಳೆ ಎಳೆಯಾಗಿ ಏಳುವ ದಾರದಂಥ ಪೊರೆಯನ್ನು ವಿವರಿಸಿದ. 1888ರಲ್ಲಿ ಲಂಡನ್ನಿನ ಹ್ಯಾಡನ್ ಎಂಬ ವೈದ್ಯ, ಬಾಯಿಯೂ ಒಣಗಿ ಕಣ್ಣೀರೂ ಬತ್ತಿದ 65 ವರ್ಷದ ಹೆಂಗಸೊಬ್ಬಳ ಬಗ್ಗೆ ಬರೆದ. ಜಬೊರಾಂಡಿ ಎಂಬ ದಕ್ಷಿಣ ಅಮೆರಿಕದ ಎಲೆಯ ಅರ್ಕ ಕೊಟ್ಟಾಗ ಆಕೆಗೆ ಗುಣ ಕಂಡಿತಂತೆ. ಅದೇ ಕಾಲದಲ್ಲಿ ಮಿಕುಲಿಚ್ ಎಂಬ ಶಸ್ತ್ರವೈದ್ಯ, ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳೆಲ್ಲ ಊದಿಕೊಂಡ ರೈತನೊಬ್ಬನನ್ನು ನೋಡಿದ. 1925ರಲ್ಲಿ ಫ್ರಾನ್ಸಿನ ಚರ್ಮರೋಗ ತಜ್ಞ ಗೂಜೆರೋ, ಒಣಗುವುದು ಕಣ್ಣು ಮಾತ್ರವಲ್ಲ, ಬೇರೆ ಗ್ರಂಥಿಗಳೂ ಅಂತ ಹೇಳಿ ಹತ್ತಿರ ಹತ್ತಿರ ಬಂದ.

ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಎಂಟ್ರಿಗಳೆಲ್ಲ ಇದ್ದವು. ಕಣ್ಣಿನವರ ಲೆಡ್ಜರಿನಲ್ಲಿ ಕಣ್ಣು, ಬಾಯಿಯವರದ್ದರಲ್ಲಿ ಬಾಯಿ, ಕೀಲಿನವರದ್ದರಲ್ಲಿ ಕೀಲು. ಮೂರನ್ನೂ ಪಕ್ಕದಲ್ಲಿಟ್ಟು ಟ್ಯಾಲಿ ಮಾಡಿದವರು ಇರಲಿಲ್ಲ.

ಆ ಕೆಲಸ ಮಾಡಿದವರು ಹೆನ್ರಿಕ್ ಶೋಗ್ರೆನ್. 1899ರ ಜುಲೈ 23ರಂದು ಸ್ವೀಡನ್ನಿನ ಶೋಪಿಂಗ್ ಎಂಬ ಊರಿನಲ್ಲಿ ಹುಟ್ಟಿದವರು, ಸ್ಟಾಕ್‌ಹೋಮಿನಲ್ಲಿ ಕಣ್ಣಿನ ವೈದ್ಯರಾಗಿದ್ದರು. ಒಣ ಕಣ್ಣು ಅಂತ ಬಂದ ಹೆಂಗಸರಿಗೆ ಬಾಯಿಯೂ ಒಣಗಿದೆ, ಕೀಲೂ ನೋಯುತ್ತಿದೆ ಅನ್ನುವುದು ಅವರ ಗಮನಕ್ಕೆ ಬಂತು. ಕಣ್ಣಿನ ಡಾಕ್ಟರು ಬಾಯಿಯ ಸುದ್ದಿ, ಮೊಣಕಾಲಿನ ಸುದ್ದಿ ಕೇಳಿದ್ದೇ ದೊಡ್ಡದು ನೋಡಿ! 1933ರಲ್ಲಿ ಅಂಥ 19 ಮಂದಿ ಹೆಂಗಸರ ವಿವರ ಕಲೆಹಾಕಿ ಜರ್ಮನ್ ಭಾಷೆಯಲ್ಲಿ ಮಹಾಪ್ರಬಂಧ ಬರೆದರು. ಅವರಲ್ಲಿ 13 ಮಂದಿಗೆ ಕೀಲುವಾತ ಇತ್ತು.

ಪರೀಕ್ಷಕರು ಏನು ಮಾಡಿದರು ಗೊತ್ತೇ? ಡಾಕ್ಟರೇಟ್ ಕೊಟ್ಟರು, ಆದರೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ 'ಡೊಸೆಂಟ್' ಪದವಿಗೆ ಬೇಕಾದಷ್ಟು ಅಂಕ ಕೊಡಲಿಲ್ಲ. ಶೋಗ್ರೆನ್ ಯೋನ್‌ಶೋಪಿಂಗ್ ಎಂಬ ಊರಿನ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ನೋಡಿಕೊಂಡಿದ್ದರು. 1943ರಲ್ಲಿ ಆಸ್ಟ್ರೇಲಿಯಾದ ಬ್ರೂಸ್ ಹ್ಯಾಮಿಲ್ಟನ್ ಎಂಬ ಕಣ್ಣಿನ ವೈದ್ಯರು ಆ ಪ್ರಬಂಧವನ್ನು ಇಂಗ್ಲಿಷಿಗೆ ತಂದರು. ಆಮೇಲೆಯೇ ಲೋಕಕ್ಕೆಲ್ಲ ಗೊತ್ತಾದದ್ದು. ಗೋಥೆನ್‌ಬರ್ಗಿನಲ್ಲಿ ಅವರಿಗೆ ಡೊಸೆಂಟ್ ಪದವಿ ಸಿಕ್ಕಿದ್ದು 1957ರಲ್ಲಿ, ಪ್ರಬಂಧ ಬರೆದ 24 ವರ್ಷಕ್ಕೆ. ನಮ್ಮಲ್ಲಿ ಪ್ರಮೋಷನ್ ತಡವಾಯಿತು ಅಂತ ಕೊರಗುವವರು ಇದನ್ನು ನೆನಪಿಟ್ಟುಕೊಳ್ಳಬಹುದು. 1986ರಲ್ಲಿ ತೀರಿಕೊಂಡರು.

ಇದು ದೇಹ ತನ್ನ ಮೇಲೆ ತಾನೇ ಬೀಳುವ ಕಾಯಿಲೆ ಅನ್ನುವುದಕ್ಕೆ ರಕ್ತದಲ್ಲಿ ಸಾಕ್ಷಿ ಸಿಗತೊಡಗಿದ್ದು 1950ರ ದಶಕದ ನಂತರ. 1975ರಲ್ಲಿ ಅಮೆರಿಕದ ಆಲ್ಸ್‌ಪಾ ಮತ್ತು ಟ್ಯಾನ್ ಎಂಬ ಸಂಶೋಧಕರು ರೋಗಿಗಳ ರಕ್ತದಲ್ಲಿ ಕಂಡ ಪ್ರತಿಕಾಯಗಳಿಗೆ ಎಸ್‌ಎಸ್-ಎ, ಎಸ್‌ಎಸ್-ಬಿ ಅಂತ ಹೆಸರಿಟ್ಟರು. ಇವತ್ತು ದೆಹಲಿಯ ಯಾವ ದೊಡ್ಡ ಲ್ಯಾಬಿನ ರಿಪೋರ್ಟಿನಲ್ಲಾದರೂ ಆ ಅಕ್ಷರಗಳು ಸಿಗುತ್ತವೆ. ಪಕ್ಕದಲ್ಲಿ 'ರೋ', 'ಲಾ' ಅಂತಲೂ ಇರುತ್ತದೆ. ಅವು ಮೊದಲ ರೋಗಿಗಳ ಹೆಸರಿನ ಮೊದಲೆರಡು ಅಕ್ಷರಗಳು.

ಇನ್ನು ನಮ್ಮ ಮನೆಯ ವಿಷಯ. ನನ್ನಾಕೆ ನಾಲ್ಕು ವರ್ಷ ಮೂರು ಕಡೆ ಅಲೆದಳು. ಒಂದು ಕ್ಲಿನಿಕ್ಕಿನಲ್ಲಿ 'ದೆಹಲಿಯ ಧೂಳು' ಅಂದರು, ಇನ್ನೊಂದರಲ್ಲಿ ಹಲ್ಲು ಹುಳುಕು ತುಂಬಿಸಿ ಕಳಿಸಿದರು, ಮತ್ತೊಂದರಲ್ಲಿ 'ಈ ವಯಸ್ಸಿಗೆ ಇದೆಲ್ಲ ಸಹಜ, ಟೆನ್ಷನ್ ಮಾಡ್ಕೋಬೇಡಿ' ಅಂದರು. ಈ ಮಧ್ಯೆ ಅತ್ತೆ ತೀರಿಕೊಂಡರು. ಊರಿಗೆ ಓಡಿದೆವು. ಶವದ ಮುಂದೆ ಕೂತ ಮಗಳ ಕಣ್ಣಲ್ಲಿ ಒಂದು ಹನಿ ಇಲ್ಲ, ಕೆಂಪಗೆ ಉರಿಯುತ್ತಿದೆ ಅಷ್ಟೇ. ಅಂಗಳದಲ್ಲಿ ಯಾರೋ 'ಡೆಲ್ಲಿ ಸೇರಿದ ಮೇಲೆ ಮನಸ್ಸು ಕಲ್ಲಾಗಿದೆ' ಅಂದದ್ದು ಅವಳ ಕಿವಿಗೂ ಬಿತ್ತು. ರಾತ್ರಿ ನನ್ನ ಹತ್ತಿರ ಹೇಳಿದಳು, "ಅಳು ಬರ್ತದೆ ಮಾರಾಯ್ರೆ, ಕಣ್ಣೀರೇ ಬರುದಿಲ್ಲ." ಆ ಮಾತನ್ನು ದೆಹಲಿಗೆ ವಾಪಸ್ ಬಂದು ಒಬ್ಬ ಹಿರಿಯ ಡಾಕ್ಟರ ಮುಂದೆ ಹಾಗೆಯೇ ಹೇಳಿದಳು. ಅವರು ಪೆನ್ನು ಕೆಳಗಿಟ್ಟು, "ಬಾಯಿ ಒಣಗುತ್ತದಾ? ಕೀಲು ನೋಯುತ್ತದಾ?" ಅಂತ ಕೇಳಿದರು. ಮೂರು ಲೆಡ್ಜರು ಅವತ್ತು ಒಂದೇ ಮೇಜಿಗೆ ಬಂದವು.

ಪರೀಕ್ಷೆಯೂ ಹಳೆಯದೇ. ಜರ್ಮನಿಯ ಓಟ್ಟೋ ಶಿರ್ಮರ್ 1903ರಲ್ಲಿ ತಿಳಿಸಿದ್ದು. ಕೆಳರೆಪ್ಪೆಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. ಐದು ಮಿಲಿಮೀಟರೂ ಒದ್ದೆಯಾಗದಿದ್ದರೆ ಸಂಶಯ ಪಡಬೇಕು. ಅದರ ಜೊತೆ ರಕ್ತಪರೀಕ್ಷೆ, ಕೆಲವರಿಗೆ ತುಟಿಯ ಒಳಗಿನ ಸಣ್ಣ ಗ್ರಂಥಿಯ ಬಯಾಪ್ಸಿ.

ಚಿಕಿತ್ಸೆಯನ್ನು ನಾನು ನನ್ನ ಲೆಕ್ಕದಲ್ಲಿ ಹೀಗೆ ಅರ್ಥಮಾಡಿಕೊಂಡಿದ್ದೇನೆ. ಕೃತಕ ಕಣ್ಣೀರಿನ ಹನಿ ಅಂದರೆ ಡಿಪಾಸಿಟ್. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕುವವರು ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ ತರಬೇಕು, ಇಲ್ಲದಿದ್ದರೆ ಆ ರಾಸಾಯನಿಕವೇ ಕಣ್ಣನ್ನು ಕೆರಳಿಸುತ್ತದೆ. ರೆಪ್ಪೆಯ ಮೂಲೆಯಲ್ಲಿ ಕಣ್ಣೀರು ಮೂಗಿಗೆ ಇಳಿಯುವ ರಂಧ್ರಕ್ಕೆ ಸಣ್ಣ ಬಿರಡೆ ಹಾಕುವುದು ವಿತ್‌ಡ್ರಾವಲ್ ತಡೆದ ಹಾಗೆ. ಈಗಿನ ರೀತಿಯ ಬಿರಡೆ ಬಂದದ್ದು 1975ರಲ್ಲಿ. ಗನ್‌ಮ್ಯಾನನ್ನು ಸುಮ್ಮನಾಗಿಸುವುದು ಸೈಕ್ಲೋಸ್ಪೋರಿನ್ ಹನಿ. ಮಣ್ಣಿನ ಶಿಲೀಂಧ್ರದಿಂದ ಬಂದ, ಕಿಡ್ನಿ ಬದಲಾಯಿಸಿದವರಿಗೆ ಕೊಡುವ ಔಷಧಿಯಿದು. ಅಮೆರಿಕದ ಪಶುವೈದ್ಯೆ ರೆನೀ ಕಾಸ್ವನ್ ಇದನ್ನು ಒಣ ಕಣ್ಣಿನ ನಾಯಿಗಳಿಗೆ ಹಾಕಿ ಗುಣ ಕಂಡರು. ಮನುಷ್ಯರ ಒಣ ಕಣ್ಣಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಆ ಹನಿಯಲ್ಲಿ ಔಷಧಿಯನ್ನು ಕರಗಿಸಿದ್ದು ಯಾವುದರಲ್ಲಿ ಅಂತೀರಿ? ನಮ್ಮ ಹರಳೆಣ್ಣೆಯಲ್ಲಿ! ಹಾಗಂತ ಅಡುಗೆಮನೆಯ ಬಾಟಲಿಯಿಂದ ಕಣ್ಣಿಗೆ ಬಿಟ್ಟುಕೊಳ್ಳಬೇಡಿ. ಈ ಹನಿ ಮೊದಲು ಉರಿಯುತ್ತದೆ, ಫಲ ಕಾಣಲು ತಿಂಗಳುಗಳು ಬೇಕು. ನಡುವೆ ಬಿಡಬಾರದು. ಹ್ಯಾಡನ್ ಕೊಟ್ಟ ಜಬೊರಾಂಡಿ ಎಲೆಯ ಸಾರವೂ ಪೈಲೋಕಾರ್ಪಿನ್ ಮಾತ್ರೆಯಾಗಿ 1998ರಲ್ಲಿ ಈ ಕಾಯಿಲೆಯ ಬಾಯಿ ಒಣಗುವುದಕ್ಕೆ ಅಲ್ಲಿ ಒಪ್ಪಿಗೆ ಪಡೆಯಿತು, 110 ವರ್ಷದ ನಂತರ.

ದೆಹಲಿಯ ಹವೆಯನ್ನು ನಾವು ಬದಲಾಯಿಸಲಾರೆವು. ಮೇ ತಿಂಗಳ ಲೂ, ನವೆಂಬರಿನ ಹೊಗೆ, ಜನವರಿಯ ಹೀಟರು, ಮೂರೂ ಕಣ್ಣಿಗೆ ಶತ್ರುಗಳೇ. ನಮ್ಮಲ್ಲಿ ಹೀಟರಿನ ಪಕ್ಕ ಒಂದು ಬೋಗುಣಿ ನೀರು ಇಟ್ಟಿರುತ್ತೇವೆ. ಹೊರಗೆ ಹೋಗುವಾಗ ಬದಿ ಮುಚ್ಚುವ ಕನ್ನಡಕ, ಕಾರಿನ ಎ.ಸಿ. ಗಾಳಿ ಮುಖಕ್ಕಲ್ಲ, ಕಾಲಿಗೆ. ನೆಗಡಿ, ಅಲರ್ಜಿಯ ಮಾತ್ರೆಗಳಲ್ಲಿ ಕೆಲವು ಕಣ್ಣು ಬಾಯಿಯನ್ನು ಇನ್ನಷ್ಟು ಒಣಗಿಸುತ್ತವೆ, ಕೇಳದೆ ನುಂಗುವುದಿಲ್ಲ. ಮಳೆಗಾಲದಲ್ಲಿ ಊರಿಗೆ ಹೋದರೆ ಅವಳ ಕಣ್ಣಿಗೆ ರಜೆ ಸಿಕ್ಕ ಹಾಗೆ.

ಎರಡು ಮಾತು ಮುಖ್ಯ. ಎಸ್‌ಎಸ್-ಎ ಪಾಸಿಟಿವ್ ಇರುವ ತಾಯಿಯ ಮಗುವಿಗೆ, ಅಪರೂಪವಾಗಿಯಾದರೂ, ಹೊಟ್ಟೆಯಲ್ಲಿರುವಾಗಲೇ ಹೃದಯದ ಬಡಿತದ ತೊಂದರೆ ಬರಬಹುದು. ಆದ್ದರಿಂದ ಮಗು ಬಯಸುವ ಹೆಣ್ಣುಮಕ್ಕಳು ಹೆರಿಗೆ ಡಾಕ್ಟರಿಗೆ ಮೊದಲೇ ಹೇಳಬೇಕು. ಕೆನ್ನೆಯ ಗ್ರಂಥಿ ಊದಿ ಹಾಗೇ ಉಳಿದರೆ ತಡ ಮಾಡದೆ ತೋರಿಸಬೇಕು, ಈ ರೋಗಿಗಳಲ್ಲಿ ಲಿಂಫೋಮಾ ಎಂಬ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಹೆಚ್ಚು. ಬರೀ 'ಕಣ್ಣಿನ ತೊಂದರೆ' ಅಂತ ಕೂರುವ ಕಾಯಿಲೆ ಇದಲ್ಲ.

ನಿಮ್ಮ ಅಕ್ಕನೋ ಅತ್ತಿಗೆಯೋ ಕಣ್ಣುರಿ ಅಂದರೆ, ಚಪಾತಿ ನುಂಗಲು ನೀರು ಬೇಕು ಅಂದರೆ, ಬೆಳಿಗ್ಗೆ ಬೆರಳು ಮಡಚಲಾಗುವುದಿಲ್ಲ ಅಂದರೆ, ಮೂರನ್ನೂ ಒಂದೇ ಕಾಗದದಲ್ಲಿ ಬರೆದುಕೊಂಡು ಒಬ್ಬರೇ ಡಾಕ್ಟರ ಮುಂದೆ ಇಡಲು ಹೇಳಿ. ಹೇಳುವವರ ಮಾತನ್ನು ನಡುವೆ ತುಂಡು ಮಾಡದೆ ನೀವೂ ಪೂರ್ತಿ ಕೇಳಿ. ಶೋಗ್ರೆನ್ ಶುರುಮಾಡಿದ್ದೂ ಅಲ್ಲಿಂದಲೇ.