ಹೊಗೆಯಿಂದ ಬೆಂಕಿಯವರೆಗೆ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ನಮ್ಮ ತರ್ಕಶಾಸ್ತ್ರದ ಹಳೆಯ ದೃಷ್ಟಾಂತ. ಇದು ಅನುಮಾನ ಪ್ರಮಾಣ. ಬೆಂಕಿಯನ್ನೇ ಕಂಡರೆ ಅದು ಪ್ರತ್ಯಕ್ಷ. ಇಪ್ಪತ್ತನೆಯ ಶತಮಾನದ ಔಷಧವಿಜ್ಞಾನದಲ್ಲಿ ಒಂದು ವಸ್ತು ಬಹುಕಾಲ ಕೇವಲ ಅನುಮಾನದ ಬಲದಿಂದಲೇ ಬಾಳಿತು. ಅದರ ಹೆಸರು ರಿಸೆಪ್ಟರ್, ಕನ್ನಡದಲ್ಲಿ ಗ್ರಾಹಕವೆನ್ನೋಣ. ಔಷಧದ ಅಣುವನ್ನೋ ದೇಹವೇ ಸ್ರವಿಸಿದ ರಸದ ಅಣುವನ್ನೋ ಹಿಡಿದು, ಅದರ ಸಂದೇಶವನ್ನು ಜೀವಕೋಶಕ್ಕೆ ಮುಟ್ಟಿಸುವ ಭಾಗವೇ ಗ್ರಾಹಕ. ಈ ಅನುಮಾನ ಪ್ರತ್ಯಕ್ಷವಾದ ಬಗೆಯನ್ನು ಇಂದು ನೋಡೋಣ.

ಕೇಂಬ್ರಿಡ್ಜಿನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ 1905ರಲ್ಲಿ ಕೋಳಿಯ ಸ್ನಾಯುವಿನ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ನಿಕೋಟಿನ್ ತಾಗಿದರೆ ಸ್ನಾಯು ಸಂಕುಚಿಸುತ್ತಿತ್ತು. ಕ್ಯುರಾರೆ ಎಂಬ ವಿಷ ಅದನ್ನು ತಡೆಯುತ್ತಿತ್ತು. ನರವನ್ನು ಕತ್ತರಿಸಿ, ಅದರ ತುದಿಗಳು ನಶಿಸಿದ ಮೇಲೂ ಇದು ಹಾಗೆಯೇ ನಡೆಯಿತು. ಆದುದರಿಂದ ಈ ಎರಡು ವಸ್ತುಗಳೂ ತಾಗುವುದು ನರಕ್ಕಲ್ಲ, ಸ್ನಾಯುಕೋಶದಲ್ಲೇ ಇರುವ ಯಾವುದೋ ಗ್ರಾಹಕ ದ್ರವ್ಯಕ್ಕೆ ಎಂದು ಅವರು ತೀರ್ಮಾನಿಸಿದರು. ಅದೇ ಕಾಲದಲ್ಲಿ ಜರ್ಮನಿಯ ಪಾಲ್ ಎರ್ಲಿಖ್, ಕೋಶಕ್ಕೆ ಹೊಂದಿ ಅಂಟಿಕೊಳ್ಳದ ವಸ್ತು ಅಲ್ಲಿ ಕೆಲಸವನ್ನೂ ಮಾಡಲಾರದೆಂದು ಸಾರುತ್ತಿದ್ದರು. 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್, ಅಡ್ರಿನಲಿನ್ನಿಗೆ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳಿವೆಯೆಂದರು. ಆದರೆ ಇವರೆಲ್ಲರ ಕೈಯಲ್ಲಿದ್ದುದು ಹೊಗೆ ಮಾತ್ರ: ಸ್ನಾಯು ಎಷ್ಟು ಸೆಳೆಯಿತು, ರಕ್ತದೊತ್ತಡ ಎಷ್ಟು ಏರಿತು ಎಂಬ ಅಳತೆ.

ಬೆಂಕಿಯನ್ನೇ ಕಾಣುವ ದಾರಿಯನ್ನು ತೆರೆದದ್ದು ವಿಕಿರಣಪಟು ಅಣುಗಳು. ಔಷಧದ ಅಣುವಿನಲ್ಲಿ ಸಾಮಾನ್ಯ ಹೈಡ್ರೊಜನ್ನಿನ ಬದಲು ಟ್ರಿಟಿಯಂ ಸೇರಿಸಿದರೆ, ಆ ಅಣು ಎಲ್ಲಿ ನಿಂತರೂ ತನ್ನ ಇರವನ್ನು ಎಣಿಕೆಯಂತ್ರಕ್ಕೆ ತಿಳಿಸುತ್ತದೆ. 1965ರಲ್ಲಿ ಪೇಟನ್ ಮತ್ತು ರ‍್ಯಾಂಗ್ ಇಂಥ ಅಟ್ರೊಪಿನ್ ಬಳಸಿ, ಗಿನಿಯಿಲಿಯ ಕರುಳಿನ ಸ್ನಾಯು ಅದನ್ನು ಎಷ್ಟು ಹಿಡಿದುಕೊಳ್ಳುತ್ತದೆಂದು ಅಳೆದರು.

ಉಪಾಯ ಸರಳ, ತೊಡಕು ಬೇರೆ ಕಡೆ ಇತ್ತು. ಔಷಧ ಗ್ರಾಹಕಕ್ಕಷ್ಟೇ ಅಂಟುವುದಿಲ್ಲ. ಕೊಬ್ಬಿಗೆ, ಇತರ ಪ್ರೋಟೀನುಗಳಿಗೆ, ಗಾಜಿಗೆ ಕೂಡ ಅಂಟುತ್ತದೆ. ನಿಜವಾದ ಬಂಧವಾವುದು, ಬರಿಯ ಅಂಟು ಯಾವುದು? 1971ರಲ್ಲಿ ಸ್ಟ್ಯಾನ್‌ಫರ್ಡಿನ ಅವ್ರಾಮ್ ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು ಇದಕ್ಕೊಂದು ಒರೆಗಲ್ಲನ್ನು ಒದಗಿಸಿದರು. ಲೆವಾರ್ಫನಾಲ್ ಅಫೀಮಿನಂತೆ ನೋವು ಕಳೆಯುತ್ತದೆ. ಅದರ ಕನ್ನಡಿಬಿಂಬವಾದ ಡೆಕ್ಸ್‌ಟ್ರಾರ್ಫನ್‌ಗೆ ಆ ಗುಣವಿಲ್ಲ. ಗಾಜಿಗೆ ಎಡಬಲಗಳ ಭೇದ ತಿಳಿಯದು, ಗ್ರಾಹಕಕ್ಕೆ ತಿಳಿಯುತ್ತದೆ. ಆದುದರಿಂದ ಮೊದಲನೆಯದರಿಂದ ಸ್ಥಾನಪಲ್ಲಟಗೊಂಡು, ಎರಡನೆಯದರಿಂದ ಕದಲದ ಬಂಧವೇ ನಿಜವಾದುದು. ಇಲಿಯ ಮಿದುಳಿನಲ್ಲಿ ಅವರಿಗೆ ದೊರೆತ ಅಂಥ ಬಂಧ ಒಟ್ಟಿನಲ್ಲಿ ಶೇಕಡಾ 2ರಷ್ಟು ಮಾತ್ರ. ಅದೂ ಗ್ರಾಹಕದ್ದಲ್ಲವೆಂದು ಮುಂದೆ ತಿಳಿಯಿತು. ಒರೆಗಲ್ಲು ಸರಿಯಾಗಿತ್ತು, ಕಂಡದ್ದು ಹೊಗೆಯಲ್ಲ, ಮಂಜು.

1973ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿನಿ ಕ್ಯಾಂಡೇಸ್ ಪರ್ಟ್ ಮತ್ತು ಅವರ ಗುರು ಸಾಲೊಮನ್ ಸ್ನೈಡರ್ ಅದೇ ಒರೆಗಲ್ಲನ್ನು ಹಿಡಿದು, ಮೂರು ಮಾರ್ಪಾಟು ಮಾಡಿದರು. ಅಫೀಮಿನ ಪರಿಣಾಮವನ್ನು ತಡೆಯುವ, ಗ್ರಾಹಕಕ್ಕೆ ಬಿಗಿಯಾಗಿ ಕೂರುವ ನೆಲೊಕ್ಸೋನನ್ನು ಆರಿಸಿದರು. ಅದನ್ನು ಪ್ರಬಲವಾಗಿ ವಿಕಿರಣಪಟುವಾಗಿಸಿ, ಅತ್ಯಲ್ಪ ಪ್ರಮಾಣದಲ್ಲಿ ಬಳಸಿದರು. ಅರೆದ ಮಿದುಳನ್ನು ಗಾಜಿನೆಳೆಯ ಸೋಸುಕಾಗದದ ಮೇಲೆ ಸುರಿದು, ತಣ್ಣನೆಯ ದ್ರಾವಣದಿಂದ ಥಟ್ಟನೆ ತೊಳೆದರು. ಸಡಿಲವಾಗಿ ಅಂಟಿದ್ದು ಕೊಚ್ಚಿಹೋಯಿತು, ಬಿಗಿಯಾಗಿ ಕುಳಿತದ್ದು ಉಳಿಯಿತು. ಈ ಬಂಧವನ್ನು ಬಿಡಿಸಲು ಡೆಕ್ಸ್‌ಟ್ರಾರ್ಫನ್ ಲೆವಾರ್ಫನಾಲಿಗಿಂತ ಸಾವಿರಾರು ಪಟ್ಟು ಹೆಚ್ಚು ಬೇಕಾಯಿತು. ನಾನಾ ಔಷಧಗಳು ಗ್ರಾಹಕಕ್ಕಾಗಿ ಹೂಡಿದ ಪೈಪೋಟಿ ಅವುಗಳ ಶಕ್ತಿಗೆ ಬಹುಮಟ್ಟಿಗೆ ಅನುಗುಣವಾಗಿತ್ತು. ಅದೇ ವರ್ಷ ನ್ಯೂಯಾರ್ಕಿನ ಎರಿಕ್ ಸೈಮನ್, ಸ್ವೀಡನ್ನಿನ ಲಾರ್ಸ್ ಟೆರೀನಿಯಸ್ ತಂತಮ್ಮ ಪ್ರಯೋಗಶಾಲೆಗಳಲ್ಲಿ ಇದನ್ನೇ ಕಂಡರು.

ಹಾಗೆಂದು ಹಳೆಯ ವಿಧಾನ ನಿರುಪಯುಕ್ತವಾಯಿತೆಂದು ಭಾವಿಸಬಾರದು. ಅಣು ಗ್ರಾಹಕದಲ್ಲಿ ಕುಳಿತಿತೆಂದು ಎಣಿಕೆಯಂತ್ರ ಹೇಳಬಲ್ಲುದು. ಕುಳಿತು ಏನು ಮಾಡಿತೆಂದು ಹೇಳಲಾರದು. ಬೀಗದೊಳಗೆ ಹೊಕ್ಕ ಕೀಲಿಕೈಗಳೆಲ್ಲ ಬಾಗಿಲನ್ನು ತೆರೆಯುವುದಿಲ್ಲ. ನೆಲೊಕ್ಸೋನೇ ಅದಕ್ಕೆ ಸಾಕ್ಷಿ. ಗಸಗಸೆಯ ರಸಕ್ಕಾಗಿ ಮಿದುಳಿನಲ್ಲಿ ಬೀಗವೇಕೆ ಎಂಬ ಪ್ರಶ್ನೆಗೆ 1975ರಲ್ಲಿ ಉತ್ತರವಿತ್ತವರು ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿದ್ದ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್‌ಲಿಟ್ಸ್. ಹಂದಿಯ ಮಿದುಳಿನಿಂದ ಬೇರ್ಪಡಿಸಿದ ಸಾರವನ್ನು ಅವರು ಪರೀಕ್ಷಿಸಿದ್ದು ಲ್ಯಾಂಗ್ಲಿಯವರ ದಾರಿಯಲ್ಲಿ, ಜೀವಂತ ಸ್ನಾಯುವಿನ ಮೇಲೆ. ಅದರ ಸೆಳೆತವನ್ನು ತಗ್ಗಿಸಿದ, ನೆಲೊಕ್ಸೋನ್ ಹಾಕಿದೊಡನೆ ಸೋತ ಆ ದ್ರವ್ಯಗಳೇ ಎನ್‌ಕೆಫಲಿನ್‌ಗಳು: ದೇಹವು ತನಗಾಗಿ ತಾನೇ ತಯಾರಿಸುವ ಅಫೀಮು.

1978ರಲ್ಲಿ ಲಾಸ್ಕರ್ ಪ್ರಶಸ್ತಿ ಸ್ನೈಡರ್, ಹ್ಯೂಸ್, ಕಾಸ್ಟರ್‌ಲಿಟ್ಸ್ ಮೂವರಿಗೆ ಸಂದಿತು. ಪರ್ಟ್ ಅವರ ಹೆಸರು ಅದರಲ್ಲಿರಲಿಲ್ಲ. ಅವರು ಬಹಿರಂಗವಾಗಿ ಪ್ರತಿಭಟಿಸಿದರು. ನಿಜವಾದ ಬಂಧವನ್ನು ಬರಿಯ ಅಂಟಿನಿಂದ ಬೇರ್ಪಡಿಸಲು ಕಲಿತ ವಿಜ್ಞಾನಕ್ಕೆ, ಒಂದು ಕೆಲಸದಲ್ಲಿ ಯಾರ ಪಾಲೆಷ್ಟೆಂದು ಬೇರ್ಪಡಿಸುವ ಸೋಸುಕಾಗದ ಇನ್ನೂ ದೊರೆತಿಲ್ಲ.

2012ರಲ್ಲಿ ಈ ಗ್ರಾಹಕಗಳ ಹರಳುಗಳನ್ನು ಬೆಳೆಸಿ, ಅವುಗಳ ಆಕಾರವನ್ನೇ ವಿಜ್ಞಾನಿಗಳು ಬಿಡಿಸಿಟ್ಟರು. ಅಫೀಮುಜನ್ಯ ಔಷಧಗಳ ಅತಿಸೇವನೆಯಿಂದ ಉಸಿರು ಕುಂದುತ್ತಿರುವವರನ್ನು ಬದುಕಿಸಲು ಇಂದು ವೈದ್ಯರು ಬಳಸುವುದು ಅದೇ ನೆಲೊಕ್ಸೋನನ್ನು. ಬೆಂಕಿಯನ್ನು ಕಂಡವರು ನಾವು ನಿಜ. ಆದರೆ ಹೊಗೆಯನ್ನು ನಂಬಿ ಬೆಟ್ಟವನ್ನು ಹತ್ತಿದವರು ಮೊದಲಿಗರು.