ಎರ್ರಮಂಚಿಯ ಕಾರು, ದೀಪದ ಲಿಪಿ

ಆಂಧ್ರದ ಪೆನುಕೊಂಡ 1565ರ ಸೋಲಿನ ಬಳಿಕ ವಿಜಯನಗರದ ಅರಸರಿಗೆ ರಾಜಧಾನಿಯಾದ ಊರು. ಆಮೇಲೆ ಈ ಸೀಮೆ ಬಹುಕಾಲ ಮಳೆಯನ್ನೇ ನಂಬಿದ ಶೇಂಗಾ ಬೇಸಾಯದಲ್ಲಿ ಉಳಿಯಿತು. 2017ರ ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯಾದ ಕಿಯಾ ಕಂಪನಿ ಆಂಧ್ರ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಪೆನುಕೊಂಡದ ಬಳಿಯ ಎರ್ರಮಂಚಿಯಲ್ಲಿ 536 ಎಕರೆಯ ಕಾರ್ಖಾನೆ ಎದ್ದಿತು. ಹೂಡಿಕೆ ಸುಮಾರು 110 ಕೋಟಿ ಡಾಲರ್, ಸಾಮರ್ಥ್ಯ ವರ್ಷಕ್ಕೆ 3 ಲಕ್ಷ ಕಾರು. 2019ರ ಆಗಸ್ಟ್‌ನಲ್ಲಿ ಇಲ್ಲಿಂದ ಸೆಲ್ಟೋಸ್ ಕಾರು ಹೊರಬಂತು. 2020ರ ಸೆಪ್ಟೆಂಬರ್‌ನಲ್ಲಿ ಬಂದ ಸೋನೆಟ್‌ನ ಆರಂಭದ ಬೆಲೆ 6.71 ಲಕ್ಷ ರೂಪಾಯಿ. ಅದರ ಉದ್ದ 4 ಮೀಟರಿಗೆ 5 ಮಿಲಿಮೀಟರ್ ಕಡಿಮೆ. ಆ ಅಳತೆಯೊಳಗಿನ ಸಣ್ಣ ಎಂಜಿನ್ನಿನ ಕಾರಿಗೆ ತೆರಿಗೆ ಕಡಿಮೆಯಾದ್ದರಿಂದ ನಮ್ಮ ದೇಶದ ಸಂಸಾರದ ಕಾರಿನ ಆಕಾರವನ್ನು ಈ ಲೆಕ್ಕವೇ ತಿದ್ದಿದೆ.

ಕಾರ್ಖಾನೆ ಶುರುವಾದ 2019 ಕಾರಿನ ಮೀಟರ್ ಬೋರ್ಡಿಗೂ ದೊಡ್ಡ ವರ್ಷ. ಆ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಬ್ರೇಕ್ ಒತ್ತಿದಾಗ ಚಕ್ರ ಕಚ್ಚದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟಿನ ನೆನಪಿನ ಗಂಟೆ, ವೇಗ 80 ಕಿಲೋಮೀಟರ್ ದಾಟಿದರೆ ಬಿಟ್ಟು ಬಿಟ್ಟು, 120 ದಾಟಿದರೆ ಎಡೆಬಿಡದೆ ಕೂಗುವ ಸದ್ದು ಬಂದವು. ಇವುಗಳ ಜೊತೆ, ದುಬಾರಿ ಕಾರಿನ ಮಾತಾಗಿದ್ದ ಇವುಗಳ ಎಚ್ಚರಿಕೆಯ ದೀಪಗಳೂ ಕಾನೂನಿನ ಬಲದಿಂದ ಅಗ್ಗದ ಕಾರಿಗೂ ಇಳಿದವು. ಈ ಬದಲಾವಣೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ದೀಪದ ಕಥೆ ಇನ್ನೂ ಹಳೆಯದು. ಮೊದಲು ಎಂಜಿನ್ ಆಯಿಲಿನ ಒತ್ತಡ ತಿಳಿಯಲು ಮುಳ್ಳಿನ ಮೀಟರ್ ಇರುತ್ತಿತ್ತು. ಅದನ್ನು ಓದಲು ಅಭ್ಯಾಸ ಬೇಕಿತ್ತು. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿ ಮೀಟರಿನ ಜಾಗಕ್ಕೆ ಕೆಂಪು ದೀಪ ತಂದಿತು. ಕಾರುಗಳು ದೇಶ ದಾಟತೊಡಗಿದಾಗ ಅಕ್ಷರದ ಬದಲು ಚಿತ್ರ ಬೇಕಾಯಿತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 2575ನೆಯ ಮಾನಕ ಈ ಚಿತ್ರಗಳನ್ನೂ ಬಣ್ಣಗಳನ್ನೂ ಗೊತ್ತುಪಡಿಸಿದೆ. ಕೆಂಪು ಅಪಾಯಕ್ಕೆ, ಹಳದಿ ಎಚ್ಚರಕ್ಕೆ, ಹಸಿರು ಚಾಲೂ ಇರುವುದಕ್ಕೆ, ನೀಲಿ ಹೈಬೀಮಿಗೆ. ಕನ್ನಡವೂ ತೆಲುಗೂ ಬೆರೆತ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ರಸ್ತೆಗಳಲ್ಲಿ ಈ ಚಿತ್ರಲಿಪಿಯ ಬೆಲೆ ಚೆನ್ನಾಗಿ ಕಾಣುತ್ತದೆ. ಯಾವ ಲಿಪಿ ಕಲಿತ ಚಾಲಕನೂ, ಲಿಪಿಯನ್ನೇ ಕಲಿಯದವನೂ ಇದನ್ನು ಓದಬಲ್ಲ.

ಚಿತ್ರಗಳು ಮಾತ್ರ ಹಳೆಯ ವಸ್ತುಗಳವು. ಆಯಿಲ್ ದೀಪದಲ್ಲಿರುವುದು ಉದ್ದ ಮೂತಿಯ ಎಣ್ಣೆಡಬ್ಬಿ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟವರಿಗೆ ಅದು ಗೊತ್ತು. ಈ ದೀಪವನ್ನೇ ಜನ ಹೆಚ್ಚಾಗಿ ತಪ್ಪು ತಿಳಿಯುತ್ತಾರೆ. ಆಯಿಲ್ ಸ್ವಲ್ಪ ಕಡಿಮೆಯಾಗಿದೆ, ಊರು ಸೇರಿದ ಮೇಲೆ ಹಾಕಿಸಿದರಾಯಿತು ಎಂದು ಅದರ ಅರ್ಥವಲ್ಲ. ಆಯಿಲಿನ ಒತ್ತಡವೇ ಬಿದ್ದಿದೆ, ಬೇರಿಂಗುಗಳು ಒಣಗಿ ಉಜ್ಜುತ್ತಿರಬಹುದು ಎಂದು ಅರ್ಥ. ಕೂಡಲೇ ಗಾಡಿ ನಿಲ್ಲಿಸಿ ಎಂಜಿನ್ ಆರಿಸದಿದ್ದರೆ ಕೆಲವೇ ನಿಮಿಷಗಳಲ್ಲಿ ಅದು ಕಚ್ಚಿ ನಿಲ್ಲಬಹುದು. ಅಲೆಯ ಮೇಲೆ ನಿಂತ ಉಷ್ಣಮಾಪಕದ ಕೆಂಪು ಚಿತ್ರ ಎಂಜಿನ್ ಕಾದಿದ್ದಕ್ಕೆ. ಆಗಲೂ ನಿಲ್ಲಿಸಬೇಕು, ಬಿಸಿ ಆರುವ ಮುನ್ನ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿ ಚಿತ್ರ ಉರಿದರೆ ತೊಂದರೆ ಬ್ಯಾಟರಿಯದ್ದೇ ಆಗಬೇಕಿಲ್ಲ, ಆಲ್ಟರ್ನೇಟರ್ ಅಥವಾ ಬೆಲ್ಟಿನದ್ದೂ ಇರಬಹುದು. ವೃತ್ತದೊಳಗಿನ ಆಶ್ಚರ್ಯಚಿಹ್ನೆ ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಆರದಿದ್ದರೆ ಬ್ರೇಕ್ ಆಯಿಲ್ ನೋಡಬೇಕು.

ಹಳದಿ ಎಂಜಿನ್ ಚಿತ್ರ ಹೊಗೆಯ ನಿಯಮಗಳ ಜೊತೆ ಬೆಳೆದದ್ದು. ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ ಕಾರು ತನ್ನ ಹೊಗೆಯ ದೋಷವನ್ನು ತಾನೇ ಹುಡುಕಿ ಈ ದೀಪ ಹಚ್ಚುವ ಸ್ವಯಂತಪಾಸಣೆಯನ್ನು ಕಡ್ಡಾಯ ಮಾಡಿತು. ಭಾರತದಲ್ಲಿ 2020ರ ಏಪ್ರಿಲ್ 1ರಂದು ಬಂದ ಬಿಎಸ್ 6 ಎಂಬ ಹೊಗೆಯ ನಿಯಮ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಈ ದೀಪ ಸುಮ್ಮನೆ ಉರಿಯುತ್ತಿದ್ದರೆ ಮೆಲ್ಲಗೆ ಗ್ಯಾರೇಜಿಗೆ ಹೋಗಬಹುದು. ಮಿನುಗುತ್ತಿದ್ದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರ್ ಸುಡುತ್ತಿದೆ ಎಂದು ತಿಳಿಯಬೇಕು.

ಕೀಲಿ ತಿರುವಿದೊಡನೆ ಈ ದೀಪಗಳಲ್ಲಿ ಹೆಚ್ಚಿನವು ಒಮ್ಮೆ ಹೊತ್ತುತ್ತವೆ. ಕೆಲವು ಕ್ಷಣದಲ್ಲಿ ಆರುತ್ತವೆ. ಆಯಿಲ್, ಬ್ಯಾಟರಿ, ಎಂಜಿನ್ ದೀಪಗಳು ಎಂಜಿನ್ ಶುರುವಾದ ಮೇಲೆ ಆರುತ್ತವೆ. ಅದು ದೀಪಗಳ ತಪಾಸಣೆ. ಆ ಹೊತ್ತಿನಲ್ಲಿ ಏರ್‌ಬ್ಯಾಗಿನ ದೀಪ ಹೊತ್ತದೇ ಇದ್ದರೆ ಅದೂ ದೋಷವೇ.