ಆ ಅಫಿಡವಿಟ್ ಸುಮ್ಮನೆ ಬಂದದ್ದಲ್ಲ

ನಾಮಪತ್ರ ಸಲ್ಲಿಸುವ ಕೊನೆಯ ದಿನ ನ್ಯೂಸ್ ಚಾನೆಲ್ ಒಳಗೆ ಹೇಗಿರುತ್ತೆ ಗೊತ್ತಾ? ಪಕ್ಕಾ ಜಾತ್ರೆ. ಒಂದು ಕಡೆ ಕ್ರೇನಿನಲ್ಲಿ ಸೇಬಿನ ಹಾರ, ಇನ್ನೊಂದು ಕಡೆ ಜೆಸಿಬಿಯಿಂದ ಹೂವಿನ ಮಳೆ. ಮಧ್ಯಾಹ್ನ ಮೂರು ಗಂಟೆ ದಾಟಿತು ಅಂದರೆ ಎರಡನೇ ಆಟ ಶುರು. ಜಿಲ್ಲಾ ವರದಿಗಾರರು ಅಭ್ಯರ್ಥಿಗಳ ಅಫಿಡವಿಟ್ ಫೋಟೊಗಳನ್ನು ಒಂದರ ಮೇಲೊಂದು ಕಳಿಸುತ್ತಾರೆ. ಡೆಸ್ಕಿನಲ್ಲಿ ಕೂತ ಹುಡುಗರು ಚಿನ್ನ ಎಷ್ಟು ಕೆಜಿ, ಬೆಳ್ಳಿ ಎಷ್ಟು, ಹೆಂಡತಿಯ ಹೆಸರಲ್ಲಿ ಎಷ್ಟು ಕೋಟಿ ಅಂತ ಹೆಕ್ಕಿ ಗ್ರಾಫಿಕ್ಸ್ ಮಾಡುತ್ತಾರೆ. ನಾನು ಓದುತ್ತೇನೆ. 'ನೂರಾರು ಕೋಟಿ ಒಡೆಯ, ಆದರೆ ಸ್ವಂತಕ್ಕೊಂದು ಕಾರೇ ಇಲ್ಲ!' ಈ ಸಾಲನ್ನು ನಾನು ಎಷ್ಟು ಚುನಾವಣೆಯಲ್ಲಿ ಓದಿದ್ದೇನೋ ಲೆಕ್ಕವಿಲ್ಲ.

ಕೆಲವು ಚುನಾವಣೆಗಳ ಹಿಂದೆ, ಹೀಗೇ ಓದಿ ಮುಗಿಸಿದ ರಾತ್ರಿ, ಹಾಸನದ ಕಡೆಯ ನಿವೃತ್ತ ಮೇಷ್ಟರೊಬ್ಬರು ಫೋನ್ ಮಾಡಿದರು. 'ಅಲ್ಲ ಸಾರ್, ಅವರ ಹತ್ರ ಏನೇನಿದೆ ಅಂತ ಹೇಳಿದ್ರಿ, ಸರಿ. ಸಾಲ ಯಾವ ಬ್ಯಾಂಕಲ್ಲಿದೆ, ಕೇಸು ಯಾವ ಕೋರ್ಟಲ್ಲಿದೆ, ಅದನ್ನ ಓದಲೇ ಇಲ್ವಲ್ಲ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪುಟಗಳನ್ನು ನಾವು ತಿರುವಿಯೇ ಇರಲಿಲ್ಲ.

ಮೇಷ್ಟರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಕಾಗದ ಬಂದದ್ದಾದರೂ ಎಲ್ಲಿಂದ ಅಂತ ಹುಡುಕುತ್ತಾ ಹೋದೆ. ಆ ಕಥೆಯನ್ನೇ ಇವತ್ತು ನಿಮಗೆ ಹೇಳಬೇಕು.

1999ರ ಕೊನೆ. ಅಹಮದಾಬಾದಿನ ಐಐಎಂನ ಕೆಲವು ಪ್ರಾಧ್ಯಾಪಕರು ದೆಹಲಿ ಹೈಕೋರ್ಟಿಗೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ತ್ರಿಲೋಚನ ಶಾಸ್ತ್ರಿ, ಜಗದೀಪ್ ಛೋಕರ್ ಮತ್ತವರ ಸಹೋದ್ಯೋಗಿಗಳು. ಶಾಸ್ತ್ರಿಯವರು ಆಮೇಲೆ ನಮ್ಮ ಬೆಂಗಳೂರಿನ ಐಐಎಂಗೇ ಬಂದು ಪಾಠ ಮಾಡಿದವರು. ಇವರು ಕಟ್ಟಿಕೊಂಡ ಸಂಸ್ಥೆಯ ಹೆಸರು ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್, ಚಿಕ್ಕದಾಗಿ ಎಡಿಆರ್. ಇವರು ಕೇಳಿದ್ದು ತೀರಾ ಸಾಧಾರಣ ಸಂಗತಿ. ನನ್ನ ಮತ ಕೇಳುವವನ ಮೇಲೆ ಕ್ರಿಮಿನಲ್ ಕೇಸ್ ಇದೆಯಾ, ಅವನ ಆಸ್ತಿ ಎಷ್ಟು, ಸಾಲ ಎಷ್ಟು, ಎಷ್ಟು ಓದಿದ್ದಾನೆ, ಇಷ್ಟನ್ನು ಮೊದಲೇ ಹೇಳಲಿ. ಮಗಳಿಗೆ ಗಂಡು ಹುಡುಕುವಾಗ ನಾವು ಇದಕ್ಕಿಂತ ಹೆಚ್ಚು ಕೇಳುತ್ತೇವೆ ಸ್ವಾಮಿ! ಆದರೆ ಅಲ್ಲಿಯವರೆಗೆ ನಡೆದ ಒಂದು ಚುನಾವಣೆಯಲ್ಲೂ ಮತದಾರನಿಗೆ ಇದನ್ನು ಕೇಳುವ ಹಕ್ಕಿದೆ ಅಂತ ಯಾರೂ ಹೇಳಿರಲಿಲ್ಲ.

2000ದ ನವೆಂಬರ್ 2ರಂದು ಹೈಕೋರ್ಟ್ ಪ್ರಾಧ್ಯಾಪಕರ ಪರ ತೀರ್ಪು ಕೊಟ್ಟಿತು. ಕೇಂದ್ರ ಸರ್ಕಾರ ಮೇಲ್ಮನವಿ ಹೋಯಿತು. 2002ರ ಮೇ 2ರಂದು ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿಯೊಳಗೇ ಮತದಾರನ ತಿಳಿಯುವ ಹಕ್ಕೂ ಇದೆ ಅನ್ನುವುದು ಕೋರ್ಟಿನ ತರ್ಕ. ಮತ ಹಾಕುವುದೂ ಒಂದು ಅಭಿವ್ಯಕ್ತಿ ತಾನೇ? ಜೂನ್ ಕೊನೆಯಲ್ಲಿ ಚುನಾವಣಾ ಆಯೋಗ ಆದೇಶವನ್ನೂ ಹೊರಡಿಸಿತು.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡ್ರಾ? ಇಲ್ಲೇ ಶುರುವಾಗಿದ್ದು.

ಜುಲೈ 8ರಂದು ಸರ್ವಪಕ್ಷ ಸಭೆ ನಡೆಯಿತು. ಬೆಳಗಾದರೆ ಕಿತ್ತಾಡುವ ಪಕ್ಷಗಳು ಅಂದು ಒಂದೇ ಮೇಜಿನ ಸುತ್ತ ಕೂತು ಈ ಆದೇಶ ಜಾರಿಯಾಗಬಾರದು ಎಂದು ಒಮ್ಮತಕ್ಕೆ ಬಂದವು. ಆಗ ಅಧಿಕಾರದಲ್ಲಿದ್ದದ್ದು ವಾಜಪೇಯಿ ಸರ್ಕಾರ. ಸುಗ್ರೀವಾಜ್ಞೆ ಸಿದ್ಧವಾಯಿತು. ಅದರ ಪ್ರಕಾರ ಆಸ್ತಿ ವಿವರವನ್ನು ಗೆದ್ದ ಮೇಲೆ ಸ್ಪೀಕರಿಗೆ ಕೊಟ್ಟರೆ ಸಾಕು, ಚುನಾವಣೆಗೆ ಮೊದಲು ಜನರಿಗೆ ಹೇಳಬೇಕಿಲ್ಲ. ಕೋರ್ಟು ಏನೇ ಹೇಳಿರಲಿ, ಈ ಕಾಯ್ದೆಯಲ್ಲಿ ಇಲ್ಲದ ಯಾವ ಮಾಹಿತಿಯನ್ನೂ ಅಭ್ಯರ್ಥಿ ಕೊಡಬೇಕಿಲ್ಲ ಅಂತ ಒಂದು ಕಲಮನ್ನೂ ಸೇರಿಸಿದ್ದರು. ಅಬ್ದುಲ್ ಕಲಾಂ ರಾಷ್ಟ್ರಪತಿಯಾಗಿ ಇನ್ನೂ ಒಂದು ತಿಂಗಳಾಗಿತ್ತು, ಅಷ್ಟೆ. ಅವರು ಆ ಸುಗ್ರೀವಾಜ್ಞೆಯನ್ನು ವಾಪಸ್ ಕಳಿಸಿದರು. ಸಂಪುಟ ಅದನ್ನೇ ಮತ್ತೆ ಕಳಿಸಿತು. ಎರಡನೇ ಸಲ ಬಂದರೆ ರಾಷ್ಟ್ರಪತಿಗೆ ಬೇರೆ ದಾರಿ ಇಲ್ಲ. ಆಗಸ್ಟ್ 24ರಂದು ಸಹಿ ಬಿತ್ತು. ಆಮೇಲೆ ಅದೇ ಕಾಯ್ದೆಯೂ ಆಯಿತು.

ಅರ್ಜಿದಾರರು ಮತ್ತೆ ಕೋರ್ಟಿಗೆ ಹೋದರು. ಪಿಯುಸಿಎಲ್ ಕೂಡ ಜೊತೆಗಿತ್ತು. 2003ರ ಮಾರ್ಚ್ 13ರಂದು ಸುಪ್ರೀಂ ಕೋರ್ಟ್ ಆ ಕಲಮನ್ನು ಅಸಾಂವಿಧಾನಿಕ ಎಂದು ಕಿತ್ತುಹಾಕಿತು. ಹಾಗಾಗಿ 2004ರಲ್ಲಿ ನಮ್ಮ ವಿಧಾನಸಭೆ ಚುನಾವಣೆ ನಡೆದಾಗ ಕರ್ನಾಟಕದ ಮತದಾರನ ಕೈಗೂ ಈ ವಿವರ ಸಿಕ್ಕಿತು. ಇವತ್ತು ನಾನು ಟಿವಿಯಲ್ಲಿ ಓದುವ ಪ್ರತಿಯೊಂದು ಅಂಕಿಯ ಹಿಂದೆ ಇಷ್ಟು ಗುದ್ದಾಟ ಇದೆ.

ಇನ್ನೂ ಹಿಂದಕ್ಕೆ ಹೋದರೆ ಇದು ಹಳೆಯ ಚಾಳಿ ಅನ್ನುವುದು ಗೊತ್ತಾಗುತ್ತೆ. 1957ರಲ್ಲಿ ದೊಡ್ಡ ಉಕ್ಕಿನ ಕಂಪನಿಯೊಂದು ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ಅನುಕೂಲವಾಗುವಂತೆ ತನ್ನ ನಿಯಮಾವಳಿ ತಿದ್ದಲು ಹೊರಟಿತು. ಷೇರುದಾರರೊಬ್ಬರು ಬೇಡ ಅಂತ ಬಾಂಬೆ ಹೈಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಕಂಪನಿಗೆ ಅನುಮತಿ ಕೊಟ್ಟರು, ಯಾಕಂದರೆ ಕಾನೂನಿನಲ್ಲಿ ತಡೆ ಇರಲಿಲ್ಲ. ಆದರೆ ಇದು ಬೆಳೆದು ಪ್ರಜಾಪ್ರಭುತ್ವವನ್ನೇ ನುಂಗುವ ಅಪಾಯ ಇದೆ, ಸಂಸತ್ತು ಯೋಚಿಸಬೇಕು ಎಂದು ತೀರ್ಪಿನಲ್ಲೇ ಎಚ್ಚರಿಸಿದರು. ಸಂಸತ್ತು ಏನು ಮಾಡಿತು? 1969ರಲ್ಲಿ ಕಂಪನಿ ದೇಣಿಗೆಯನ್ನು ನಿಷೇಧಿಸಿತು, 1985ರಲ್ಲಿ ಮತ್ತೆ ಬಾಗಿಲು ತೆಗೆಯಿತು.

1974ರದ್ದು ಇನ್ನೂ ಸ್ವಾರಸ್ಯ. ಅಭ್ಯರ್ಥಿಯ ಪರವಾಗಿ ಪಕ್ಷ ಮಾಡಿದ ಖರ್ಚೂ ಅವನ ಖರ್ಚಿನ ಲೆಕ್ಕಕ್ಕೇ ಸೇರಬೇಕು ಎಂದು ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೆಲವೇ ವಾರಗಳಲ್ಲಿ ಇಂದಿರಾ ಗಾಂಧಿ ಸರ್ಕಾರದಿಂದ ಸುಗ್ರೀವಾಜ್ಞೆ ಬಂತು: ಪಕ್ಷದ ಖರ್ಚು ಲೆಕ್ಕಕ್ಕಿಲ್ಲ! ಇವತ್ತಿಗೂ ನೋಡಿ, ಕರ್ನಾಟಕದ ವಿಧಾನಸಭೆ ಅಭ್ಯರ್ಥಿಗೆ 40 ಲಕ್ಷ ರೂಪಾಯಿ ಮಿತಿ, ಲೋಕಸಭೆಗೆ 95 ಲಕ್ಷ. ಪಕ್ಷಕ್ಕೆ? ಮಿತಿಯೇ ಇಲ್ಲ. ಮನೆಯ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಗೋಡೆಯನ್ನೇ ಕೆಡವಿದ ಹಾಗೆ.

2014ರ ಮಾರ್ಚಿನಲ್ಲಿ ಇನ್ನೊಂದು ನಡೆಯಿತು. ಎಡಿಆರ್ ಹಾಕಿದ್ದ ಅರ್ಜಿಯ ಮೇಲೆ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟು, ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ವಿದೇಶಿ ದೇಣಿಗೆ ಕಾನೂನು ಉಲ್ಲಂಘಿಸಿವೆ ಅಂದಿತು. ಶಿಕ್ಷೆ ಯಾರಿಗಾಯಿತು? ಯಾರಿಗೂ ಇಲ್ಲ. 2016ರಲ್ಲಿ ಒಂದು ಸಲ, 2018ರಲ್ಲಿ ಇನ್ನೊಂದು ಸಲ ಹಣಕಾಸು ಮಸೂದೆಯೊಳಗೇ ತಿದ್ದುಪಡಿ ಸೇರಿಸಿ ಕಾನೂನನ್ನು ಹಿಂದಿನ ದಿನಾಂಕದಿಂದಲೇ ಬದಲಾಯಿಸಿದರು. 2018ರದ್ದಂತೂ ಲೋಕಸಭೆಯ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಪಾಸಾಯಿತು. 1976ರಿಂದ ನಡೆದದ್ದೆಲ್ಲ ಒಂದೇ ಏಟಿಗೆ ಸಕ್ರಮ. ನಮ್ಮ ಬಡವರ ಬಗರ್‌ಹುಕುಂ ಅರ್ಜಿಗಳು ಇಷ್ಟು ಬೇಗ ಇತ್ಯರ್ಥವಾಗಿದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಚುನಾವಣಾ ಬಾಂಡ್. ಅರುಣ್ ಜೇಟ್ಲಿಯವರು 2017ರ ಬಜೆಟ್ಟಿನಲ್ಲಿ ಘೋಷಿಸಿದರು, 2018ರ ಜನವರಿಯಲ್ಲಿ ಅಧಿಸೂಚನೆ ಹೊರಬಿತ್ತು. ನಗದು ನಿಲ್ಲುತ್ತೆ, ಬ್ಯಾಂಕಿನ ಮೂಲಕ ಬಿಳಿ ಹಣ ಬರುತ್ತೆ ಅನ್ನುವುದು ಸರ್ಕಾರದ ವಾದ. ಆ ವಾದವನ್ನೂ ಕೇಳಬೇಕಾದ್ದೇ. ಆದರೆ ಕೊಟ್ಟವರ ಹೆಸರು ಬ್ಯಾಂಕಿಗೆ ಗೊತ್ತು, ಜನರಿಗೆ ಗೊತ್ತಿಲ್ಲ. ಅದರ ಜೊತೆಗೇ, ಕಂಪನಿಗಳು ಲಾಭದ ಶೇ 7.5ಕ್ಕಿಂತ ಹೆಚ್ಚು ಕೊಡುವಂತಿಲ್ಲ ಅನ್ನುವ ಮಿತಿಯನ್ನೂ ತೆಗೆದರು. ನಷ್ಟದಲ್ಲಿರುವ ಕಂಪನಿಯೂ ಕೋಟಿಗಟ್ಟಲೆ ಕೊಡಬಹುದು ಅಂತಾಯಿತು! ಎಡಿಆರ್, ಕಾಮನ್ ಕಾಸ್, ಸಿಪಿಎಂ ಕೋರ್ಟಿಗೆ ಹೋದವು. ತೀರ್ಪು ಬರುವಷ್ಟರಲ್ಲಿ 2019ರ ಲೋಕಸಭೆ ಚುನಾವಣೆಯೂ ನಮ್ಮ ಎರಡು ವಿಧಾನಸಭೆ ಚುನಾವಣೆಗಳೂ ಮುಗಿದಿದ್ದವು.

2024ರ ಫೆಬ್ರವರಿ 15. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಐವರ ಪೀಠ ಒಮ್ಮತದಿಂದ ಬಾಂಡ್ ಯೋಜನೆ ರದ್ದು ಮಾಡಿತು. ಸ್ಟೇಟ್ ಬ್ಯಾಂಕ್ ಲೆಕ್ಕ ಕೊಡಲು ಜೂನ್ 30ರವರೆಗೆ ಸಮಯ ಕೇಳಿತು. ಅಷ್ಟರಲ್ಲಿ ಲೋಕಸಭೆ ಚುನಾವಣೆ ಮುಗಿದೇ ಹೋಗಿರುತ್ತಿತ್ತು. ಮಾರ್ಚ್ 11ರಂದು ಕೋರ್ಟ್ ಆಗಲ್ಲ ಅಂದಿತು. ಮರುದಿನವೇ ಲೆಕ್ಕ ಬಂತು. 2019ರ ಏಪ್ರಿಲ್‌ನಿಂದ ಮಾರಾಟವಾಗಿದ್ದ ಬಾಂಡುಗಳು 22,217. ಮಾರ್ಚ್ 14ರಂದು ಆಯೋಗ ಆ ಪಟ್ಟಿಯನ್ನು ಜನರ ಮುಂದಿಟ್ಟಿತು.

ಆ ರಾತ್ರಿ ನಾವು ಸ್ಟುಡಿಯೊದಲ್ಲಿ ಪಟ್ಟಿ ಹಿಡಿದು ಕೂತಿದ್ದೆವು. ಯಾವ ಪಕ್ಷಕ್ಕೆ ಎಷ್ಟು, ಯಾವ ಕಂಪನಿ ಮೊದಲು, ಯಾವುದು ಎರಡನೆಯದು. ಬಿಜೆಪಿಗೆ ಅತಿ ಹೆಚ್ಚು ಸಿಕ್ಕಿತ್ತು, ಆದರೆ ಪಟ್ಟಿಯಲ್ಲಿ ಕಾಂಗ್ರೆಸ್ಸೂ ಇತ್ತು, ನಮ್ಮ ಜೆಡಿಎಸ್ಸೂ ಇತ್ತು. ಮೇಷ್ಟರ ಮಾತು ಮತ್ತೆ ನೆನಪಾಯಿತು. ನಾನು ಮತ್ತೆ ಚಿನ್ನದ ಕೆಜಿಯನ್ನೇ ಓದುತ್ತಿದ್ದೆ. ಕೊಟ್ಟ ಕಂಪನಿಗೆ ಆಮೇಲೆ ಯಾವ ಗುತ್ತಿಗೆ ಸಿಕ್ಕಿತು, ಕೊಡುವ ಮೊದಲು ಯಾವ ರೇಡ್ ಆಗಿತ್ತು ಅನ್ನುವುದನ್ನು ತಾಳೆ ನೋಡುವ ಕೆಲಸ ಮಾಡಿದ್ದು ಬೆರಳೆಣಿಕೆಯ ಪತ್ರಕರ್ತರು. ನಾವು ಎರಡು ದಿನ ಕೂಗಾಡಿ ಮೂರನೇ ದಿನ ಟಿಕೆಟ್ ಹಂಚಿಕೆ ಸುದ್ದಿಗೆ ಹೋದೆವು.

ಬಾಂಡ್ ಹೋಯಿತು, ಹಣ ಹೋಗಿಲ್ಲ. 20 ಸಾವಿರದೊಳಗಿನ ದೇಣಿಗೆ ಕೊಟ್ಟವರ ಹೆಸರನ್ನು ಪಕ್ಷಗಳು ಇವತ್ತಿಗೂ ಆಯೋಗಕ್ಕೆ ಹೇಳಬೇಕಿಲ್ಲ. ಅಂದರೆ ಮುಂದಿನ ಅರ್ಜಿಗೆ ಜಾಗ ಇನ್ನೂ ಖಾಲಿ ಇದೆ.

ಐವತ್ತು ವರ್ಷದ ಈ ಕಥೆಯಿಂದ ನನಗೆ ಅರ್ಥವಾದದ್ದು ಇಷ್ಟು. ಅರ್ಜಿ ಗೆದ್ದ ದಿನ ಜನ ಮನೆಗೆ ಹೋಗುತ್ತಾರೆ, ಸೋತವರು ಮಾತ್ರ ಅಂದೇ ಸಭೆ ಸೇರುತ್ತಾರೆ. 1974ರಲ್ಲಿ ಹಾಗೇ ಆಯಿತು, ಹಿತ್ತಿಲ ಗೋಡೆ ಬಿದ್ದಿದ್ದೇ ಉಳಿಯಿತು. 2002ರಲ್ಲಿ ನಾಲ್ಕಾರು ಮೇಷ್ಟರುಗಳು ಮನೆಗೆ ಹೋಗಲಿಲ್ಲ, ಅದಕ್ಕೇ ಅಫಿಡವಿಟ್ ಉಳಿಯಿತು. ಕೋರ್ಟು ನಮಗೆ ಕಾಗದ ಕೊಡಿಸಬಹುದು, ಓದಿಸೋಕೆ ಆಗಲ್ಲ.

ಮುಂದಿನ ಚುನಾವಣೆಗೆ ನನ್ನ ಡೆಸ್ಕಿನ ಹುಡುಗರಿಗೆ ಈಗಲೇ ಹೇಳಿಟ್ಟಿದ್ದೇನೆ. ಮೊದಲ ಗ್ರಾಫಿಕ್ಸು ಕೇಸಿನದ್ದು, ಎರಡನೆಯದು ಸಾಲದ್ದು, ಕಾರು ಕೊನೆಗೆ. ನೀವೂ ಒಂದು ಕೆಲಸ ಮಾಡಿ. ನಿಮ್ಮ ಕ್ಷೇತ್ರದ ಶಾಸಕರ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಇರುತ್ತೆ. ಹಿಂದಿನ ಚುನಾವಣೆಯದ್ದು, ಈ ಸಲದ್ದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಐದು ವರ್ಷದಲ್ಲಿ ಏನು ಬೆಳೆಯಿತು ಅಂತ ನಿಮಗೇ ಕಾಣುತ್ತೆ. ನಾನು ಓದುವುದನ್ನು ಮರೆತರೆ, ಆ ಹಾಸನದ ಮೇಷ್ಟರ ಹಾಗೆ ಫೋನ್ ಮಾಡಿ ಬೈಯಿರಿ.